ಸೂರಿಲ್ಲದ ಕಾರಿಗೆ ಹೊಸ್ತಿಲೇ ಆಸರೆ

ಶೇರ್ವರಾಯನ್ ಬೆಟ್ಟದ ಬುಡ, ಪಾಪಿರೆಡ್ಡಿಪಟ್ಟಿ ಸೀಮೆಯ ಮರಗೆಣಸಿನ ಹೊಲ, ಹೊಲದ ಅಂಚಿಗೊಂದು ಹಂಚಿನ ಶೆಡ್ಡು. ಒಳಗೆ ಟಾರ್ಪಾಲು ಎತ್ತಿದರೆ ಮೊದಲು ಧೂಳು, ಆಮೇಲೆ ಕೋಳಿಗರಿ, ಇಲಿ ಕಡಿದು ಹರಡಿದ ಸೀಟಿನ ನಾರು. ಅದೆಲ್ಲದರ ಅಡಿಯಲ್ಲಿ ಉದ್ದ ಮೂತಿಯ, ಎರಡೇ ಬಾಗಿಲಿನ, ತಲೆಯ ಮೇಲೆ ತಗಡಿಲ್ಲದ ಪುಟ್ಟ ಕಾರು. ಅದನ್ನು ಹೊಸದಾಗಿ ಕೊಂಡವರಾಗಲಿ, ತಾತನ ಕಾಲದ ಸ್ವತ್ತಿನ ಪಾಲಿನಲ್ಲಿ ಪಡೆದವರಾಗಲಿ, ಮೊದಲು ನೋಡುವುದು ಮಾಸಿದ ಬಣ್ಣವನ್ನು. ಕೆಂಪು ಬಳಿಸುವುದೋ, ಕಡು ಹಸಿರೋ ಎಂಬ ಚರ್ಚೆ ಶೆಡ್ಡಿನಲ್ಲೇ ಶುರುವಾಗುತ್ತದೆ. ಹಳೆಯ ಬ್ರಿಟಿಷ್ ತೆರೆದ ಕಾರಿನ ದುರಸ್ತಿ ಹೆಚ್ಚಿನ ಸಲ ದಾರಿ ತಪ್ಪುವುದು ಅಲ್ಲಿಂದಲೇ. ಬಣ್ಣ ಈ ಕೆಲಸದ ಕೊನೆಯ ಮೆಟ್ಟಿಲು. ಮೊದಲನೆಯದು ನೆಲದಿಂದ ಒಂದು ಗೇಣು ಮೇಲೆ, ಬಾಗಿಲಿನ ಕೆಳಗಿದೆ.

ಇಲ್ಲಿಗೆ ಬಂದ ಬಗೆ

ದಕ್ಷಿಣ ಭಾರತದಲ್ಲಿ ಉಳಿದಿರುವ ಇಂಥ ಕಾರುಗಳು ಎರಡು ದಾರಿಯಲ್ಲಿ ಬಂದವು. ಮೊದಲನೆಯದು ಹಡಗಿನ ದಾರಿ. ಏರ್ಕಾಡು, ನೀಲಗಿರಿ, ಕೊಡಗು, ಚಿಕ್ಕಮಗಳೂರಿನ ತೋಟದ ದೊರೆಗಳು, ಸೇನಾಧಿಕಾರಿಗಳು, ಅರಮನೆಯವರು ತರಿಸಿಕೊಂಡವು ಇವು. 1950ರ ದಶಕದಲ್ಲಿ ಸರ್ಕಾರ ಕಾರುಗಳ ಆಮದನ್ನು ಬಿಗಿಗೊಳಿಸಿತು. ಆಮೇಲೆ ರಾಯಭಾರ ಕಚೇರಿಯವರು ಬಳಸಿ ಬಿಟ್ಟ ಕಾರುಗಳನ್ನು ಸ್ಟೇಟ್ ಟ್ರೇಡಿಂಗ್ ಕಾರ್ಪೊರೇಷನ್ ಮಾರುತ್ತಿದ್ದದ್ದು ಬಿಟ್ಟರೆ ವಿದೇಶಿ ಕಾರು ಜನರ ಕೈಗೆ ಬರುವುದು ದುರ್ಲಭವಾಯಿತು.

ಎರಡನೆಯದು ಮದರಾಸಿನ ದಾರಿ. ಬ್ರಿಟನ್ನಿನ ಸ್ಟ್ಯಾಂಡರ್ಡ್-ಟ್ರಯಂಫ್ ಕಂಪನಿಯ ಸಹಯೋಗದಲ್ಲಿ ಸ್ಟ್ಯಾಂಡರ್ಡ್ ಮೋಟಾರ್ ಪ್ರಾಡಕ್ಟ್ಸ್ ಎಂಬ ಸಂಸ್ಥೆ ವಂಡಲೂರಿನ ಬಳಿ ಕಾರು ಕಟ್ಟುತ್ತಿತ್ತು. 1961ರಿಂದ ಸುಮಾರು ಹತ್ತು ವರ್ಷ ಅಲ್ಲಿಂದ ಹೊರಬಂದದ್ದು ಸ್ಟ್ಯಾಂಡರ್ಡ್ ಹೆರಾಲ್ಡ್. ಬೆಂಗಳೂರು, ಧರ್ಮಪುರಿ, ಸೇಲಂ, ಕೊಯಮತ್ತೂರುಗಳ ವೈದ್ಯರು, ವಕೀಲರು, ಜವಳಿ ವ್ಯಾಪಾರಿಗಳ ಮನೆಯ ಮುಂದೆ ನಿಂತಿದ್ದ ಕಾರು ಅದು. ಸುಮಾರು 25 ಅಡಿಯ ವೃತ್ತದಲ್ಲಿ ತಿರುಗಿಬಿಡುತ್ತಿತ್ತು. ಎತ್ತಿನಗಾಡಿ ತಿರುಗಿಸಲು ಪರದಾಡುವ ಬೀದಿಯಲ್ಲೂ ಹೆರಾಲ್ಡ್ ಒಂದೇ ಸಲಕ್ಕೆ ಹಿಂದಿರುಗುತ್ತಿತ್ತು.

ಕಟ್ಟುನಿಟ್ಟಾಗಿ ನೋಡಿದರೆ ಹೆರಾಲ್ಡ್ ಸ್ಪೋರ್ಟ್ಸ್ ಕಾರಲ್ಲ. ಅದರದೇ ಚಾಸಿಯನ್ನು ಮೊಟಕುಮಾಡಿ 1962ರಲ್ಲಿ ಟ್ರಯಂಫ್ ಕಂಪನಿ ತಂದ ಸ್ಪಿಟ್‌ಫೈರ್ ನಿಜವಾದ ಸ್ಪೋರ್ಟ್ಸ್ ಕಾರು. ಆದರೆ ಹೆರಾಲ್ಡಿನ ಮೈಗೆ ಒಂದು ವಿಶೇಷವಿದೆ. 1953ರಲ್ಲಿ ಕಂಪನಿಗೆ ಬಾಡಿ ಒದಗಿಸುತ್ತಿದ್ದ ಕಾರ್ಖಾನೆಯನ್ನು ಎದುರಾಳಿ ಬಿಎಂಸಿ ಕೊಂಡುಬಿಟ್ಟಿತು. ಇಡೀ ಬಾಡಿಯನ್ನು ಒಂದೇ ಕಡೆ ಒತ್ತಿಸುವ ದಾರಿ ಮುಚ್ಚಿತು. ಹಾಗಾಗಿ ಇಟಲಿಯ ಜೊವಾನ್ನಿ ಮಿಕೆಲೊಟ್ಟಿ ರೂಪಿಸಿದ ಹೆರಾಲ್ಡನ್ನು ಬಿಡಿಬಿಡಿ ತುಂಡುಗಳಾಗಿ ಮಾಡಿ, ಪ್ರತ್ಯೇಕ ಚಾಸಿಯ ಮೇಲೆ ಬೋಲ್ಟ್ ಹಾಕಿ ಬಿಗಿಯಲಾಯಿತು. ಮೇಲ್ಛಾವಣಿಯೂ ಬೋಲ್ಟಿನಿಂದಲೇ ಕೂತದ್ದು. ಅದನ್ನು ಬಿಚ್ಚಿದರೆ ಅರ್ಧ ತೆರೆದ ಕಾರು ಸಿದ್ಧ. ಈ ಸೀಮೆಯಲ್ಲಿ ಕಾಣುವ ತೆರೆದ ಹೆರಾಲ್ಡುಗಳಲ್ಲಿ ಹೀಗೆ ಇಲ್ಲೇ ಸೂರು ಕಳೆದುಕೊಂಡವೂ ಇವೆ. ಕಾರ್ಖಾನೆಯವರು ಅನಿವಾರ್ಯಕ್ಕೆ ಮಾಡಿದ ಉಪಾಯ ಅರುವತ್ತು ವರ್ಷಗಳ ಮೇಲೆ ಹಳ್ಳಿಯ ಮೆಕ್ಯಾನಿಕ್‌ಗೆ ವರವಾಗಿದೆ.

ಕೈಗೆ ಬಂದದ್ದು ಯಾವುದು

ದುರಸ್ತಿಯ ಸ್ವರೂಪ ಕಾರಿನ ಜಾತಿಯ ಮೇಲೆ ನಿಂತಿದೆ. ಎಂಜಿ ಕಂಪನಿಯ ಟಿಸಿ (1945–49), ಟಿಡಿ (1949–53) ಮಾದರಿಗಳಲ್ಲಿ ಕಬ್ಬಿಣದ ಚಾಸಿಯ ಮೇಲೆ ಮರದ ಚೌಕಟ್ಟು, ಅದರ ಮೇಲೆ ತಗಡಿನ ಹೊದಿಕೆ. 1955ರ ಎಂಜಿಎ ಕಾರಿನಲ್ಲಿ ಚಾಸಿ ಬೇರೆಯೇ ಇದ್ದರೂ ಮೈ ಬಹುಪಾಲು ಉಕ್ಕಿನದು, ಕಾಲಡಿಯ ಹಲಗೆ ಪ್ಲೈವುಡ್ಡಿನದು. 1962ರಲ್ಲಿ ಬಂದ ಎಂಜಿಬಿಗೆ ಚಾಸಿಯೇ ಇಲ್ಲ, ಮೈಯೇ ಬೆನ್ನೆಲುಬು.

ಬಿಡಿಭಾಗದ ವಿಚಾರದಲ್ಲಿ ಎಂಜಿಬಿ ಮಾಲೀಕರು ಅದೃಷ್ಟವಂತರು. 1980ರವರೆಗೆ 5 ಲಕ್ಷಕ್ಕೂ ಮಿಕ್ಕಿ ತಯಾರಾದ ಕಾರಾದ್ದರಿಂದ ಇಂಗ್ಲೆಂಡಿನಲ್ಲಿ ಅದರ ತಿರುಪಿನಿಂದ ಹಿಡಿದು ಇಡೀ ಬಾಡಿಯವರೆಗೆ ಇಂದಿಗೂ ಹೊಸದು ಸಿಗುತ್ತದೆ. ತರಿಸುವ ಖರ್ಚು, ಸುಂಕದ ಲೆಕ್ಕ ಬೇರೆ. ಎಂಜಿಎ ಮಾಲೀಕರಿಗೆ ಇನ್ನೊಂದು ಅನುಕೂಲವಿದೆ. ಆರಂಭದ ಎಂಜಿಎಯ 1489 ಸಿಸಿ ಎಂಜಿನ್ನೂ ನಮ್ಮ ಅಂಬಾಸಡರಿನ ಎಂಜಿನ್ನೂ ಒಂದೇ ಮನೆತನದವು, ಬಿಎಂಸಿಯ ಬಿ ಸರಣಿಯವು. ಎಲ್ಲ ಭಾಗ ಹೊಂದದಿದ್ದರೂ ಹೊಂದುವವು ಸಾಕಷ್ಟಿವೆ. ಅದಕ್ಕಿಂತ ಮುಖ್ಯವಾಗಿ, ಅಂಬಾಸಡರ್ ಬಿಚ್ಚಿ ಪಳಗಿದ ಮೇಸ್ತ್ರಿಗೆ ಆ ಎಂಜಿನ್ ಹೊಸತೆನಿಸುವುದಿಲ್ಲ. ಹೆರಾಲ್ಡ್ ಭಾಗಗಳಿಗೆ ಬೆಂಗಳೂರಿನ ಜೆ.ಸಿ. ರಸ್ತೆ, ಶಿವಾಜಿನಗರದ ಗುಜರಿ, ಚೆನ್ನೈನ ಪುದುಪೇಟೆ ಇವೆ. ಅಲ್ಲಿ ಹುಡುಕಲು ತಾಳ್ಮೆ ಬೇಕು, ಕೈಯಲ್ಲಿ ಹಳೆಯ ಭಾಗ ಇರಲೇಬೇಕು. ಹೆಸರು ಹೇಳಿ ಕೇಳಿದರೆ ಸಿಗದ್ದು ತುಂಡು ತೋರಿಸಿದರೆ ಸಿಗುತ್ತದೆ.

ಮೂಲ ರೂಪ ಹೇಗಿತ್ತೆಂಬುದೇ ಗೊತ್ತಿಲ್ಲದಿದ್ದರೆ ಬಿಚ್ಚುವ ಮುಂಚೆ ಒಂದು ಪ್ರವಾಸ ಒಳ್ಳೆಯದು. ಕೊಯಮತ್ತೂರಿನಲ್ಲಿ ಜಿ.ಡಿ. ನಾಯ್ಡು ಅವರ ಹೆಸರಿನ ದತ್ತಿ ನಡೆಸುವ ಜೀಡಿ ಕಾರು ಸಂಗ್ರಹಾಲಯವಿದೆ. ಧರ್ಮಸ್ಥಳದ ಮಂಜೂಷಾದಲ್ಲೂ ಹಳೆಯ ಕಾರುಗಳ ಸಾಲೇ ಇದೆ.

ಕಾಗದ ಮೊದಲು, ಪಾನಾ ಆಮೇಲೆ

ಒಂದು ಬೋಲ್ಟು ಬಿಚ್ಚುವ ಮುನ್ನ ಆರ್‌ಸಿ ಪುಸ್ತಕದ ಚಾಸಿ ನಂಬರು, ಎಂಜಿನ್ ನಂಬರುಗಳನ್ನು ಕಾರಿನ ಮೇಲಿನವುಗಳ ಜೊತೆ ತಾಳೆ ನೋಡಬೇಕು. ಪೆಟ್ರೋಲ್ ದುಬಾರಿಯಾದ ಕಾಲದಲ್ಲಿ ಎಷ್ಟೋ ಹಳೆಯ ಕಾರುಗಳ ಹೊಟ್ಟೆಗೆ ಡೀಸೆಲ್ ಎಂಜಿನ್ ಸೇರಿತು. ಅದು ಪುಸ್ತಕದಲ್ಲಿ ದಾಖಲಾಗಿಲ್ಲದಿದ್ದರೆ ಮುಂದೆ ಪ್ರತಿ ಹೆಜ್ಜೆಗೂ ತೊಡಕು.

ಧರ್ಮಪುರಿ 1965ರವರೆಗೆ ಸೇಲಂ ಜಿಲ್ಲೆಯ ಭಾಗವಾಗಿತ್ತು. ಆದ್ದರಿಂದ ಪಾಪಿರೆಡ್ಡಿಪಟ್ಟಿಯ ಮಾಲೀಕರೊಬ್ಬರು 1962ರಲ್ಲಿ ಕೊಂಡ ಕಾರಿನ ಮೂಲ ದಾಖಲೆಯನ್ನು ಸೇಲಂನಲ್ಲೇ ಹುಡುಕಬೇಕಾಗಬಹುದು. ಮಾಲೀಕರು ತೀರಿಕೊಂಡಿದ್ದರೆ ವಾರಸುದಾರರು ಫಾರಂ 31ರ ಮೂಲಕ ಹೆಸರು ಬದಲಿಸಿಕೊಳ್ಳಬೇಕು. ಗಡಿ ದಾಟಿಸಿ ಬೆಂಗಳೂರಿಗೆ ಒಯ್ಯುವುದಾದರೆ ಫಾರಂ 28ರ ನಿರಾಕ್ಷೇಪಣಾ ಪತ್ರವೂ ಕರ್ನಾಟಕದ ರಸ್ತೆ ತೆರಿಗೆಯೂ ಬೇಕು.

ಐವತ್ತು ವರ್ಷ ದಾಟಿದ ವಾಹನಗಳಿಗೆ ಕೇಂದ್ರ ಸರ್ಕಾರ 2021ರಲ್ಲಿ ಪ್ರತ್ಯೇಕ ನಿಯಮ ತಂದಿದೆ. ಮೊದಲ ನೋಂದಣಿಯಿಂದ 50 ವರ್ಷ ಕಳೆದಿರಬೇಕು, ಚಾಸಿ, ಬಾಡಿ, ಎಂಜಿನ್‌ಗಳಲ್ಲಿ ಮೂಲ ರೂಪ ಕೆಡುವಷ್ಟು ಬದಲಾವಣೆ ಆಗಿರಬಾರದು. ಹೊಸದಾಗಿ ವಿಂಟೇಜ್ ನೋಂದಣಿ ಮಾಡಿಸಲು ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ. ಹೊಸ ನಂಬರಿನಲ್ಲಿ ರಾಜ್ಯದ ಅಕ್ಷರಗಳ ಪಕ್ಕ ‘ವಿಎ’ ಎಂದಿರುತ್ತದೆ. ಈಗಾಗಲೇ ನೋಂದಣಿ ಇರುವ ಕಾರು ತನ್ನ ಹಳೆಯ ನಂಬರನ್ನೇ ಉಳಿಸಿಕೊಳ್ಳಬಹುದು. ಇಂಥ ನೋಂದಣಿಯ ಕಾರನ್ನು ಪ್ರದರ್ಶನ, ರ‍್ಯಾಲಿ, ದುರಸ್ತಿ, ಪೆಟ್ರೋಲ್ ತುಂಬಿಸುವುದು ಮುಂತಾದ ಕೆಲಸಕ್ಕೆ ರಸ್ತೆಗಿಳಿಸಬಹುದೇ ಹೊರತು ದಿನನಿತ್ಯದ ಓಡಾಟಕ್ಕಲ್ಲ, ಬಾಡಿಗೆಗಂತೂ ಅಲ್ಲವೇ ಅಲ್ಲ.

ಸೂರು ಬಿಚ್ಚಿದ ಹೆರಾಲ್ಡ್ ಇಲ್ಲಿ ಎಡವುತ್ತದೆ. ತಯಾರಕರ ನಮೂನೆಗೆ ವಿರುದ್ಧವಾಗಿ ವಾಹನ ಮಾರ್ಪಡಿಸುವುದನ್ನು ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಡೆಯುತ್ತದೆ. ಪುಸ್ತಕದಲ್ಲಿ ಸಲೂನ್ ಎಂದಿದ್ದು ಕಣ್ಣೆದುರು ತೆರೆದ ಕಾರು ನಿಂತಿದ್ದರೆ ಅಧಿಕಾರಿ ಕೇಳಿಯೇ ಕೇಳುತ್ತಾರೆ. ಕೊಳ್ಳುವವರು ಮುಂಗಾಜಿನ ಚೌಕಟ್ಟಿನ ಮೇಲಂಚನ್ನು ಬೆರಳಾಡಿಸಿ ನೋಡಬೇಕು. ಬೋಲ್ಟ್ ತೂತುಗಳು ಇದ್ದಂತೆಯೇ ಇದ್ದರೆ ಸೂರನ್ನು ಬಿಚ್ಚಿದ್ದಾರೆ, ಬೇಕಾದಾಗ ಮರಳಿ ಕೂರಿಸಬಹುದು. ಗರಗಸದ ಗುರುತಿದ್ದರೆ ಕೊಯ್ದಿದ್ದಾರೆ. ಅಂಥ ಕಾರಿಗೆ ಬೆಲೆ ಕಟ್ಟುವಾಗ ಕೈ ಬಿಗಿಹಿಡಿಯುವುದು ಮೇಲು.

ಹೊಸ್ತಿಲು

ಮಾಮೂಲಿ ಕಾರು ಒಂದು ಪೆಟ್ಟಿಗೆಯಿದ್ದಂತೆ. ನೆಲ, ಕಂಬ, ಸೂರು ಮೂರೂ ಸೇರಿ ಭಾರ ಹೊರುತ್ತವೆ. ಸೂರು ತೆಗೆದರೆ ಅದು ಮುಚ್ಚಳವಿಲ್ಲದ ರಟ್ಟಿನ ಡಬ್ಬ. ಆಗ ಮುಂದಿನ ಗಾಲಿಗೂ ಹಿಂದಿನ ಗಾಲಿಗೂ ನಡುವಿನ ಭಾರವೆಲ್ಲ ಕೆಳಭಾಗಕ್ಕೆ ಬೀಳುತ್ತದೆ. ಎಂಜಿಬಿಯಲ್ಲಿ ಆ ಹೊಣೆ ಬಾಗಿಲ ಕೆಳಗಿನ ಹೊಸ್ತಿಲಿನದು. ಮೆಕ್ಯಾನಿಕ್‌ಗಳು ಸಿಲ್ ಎನ್ನುವ ಈ ಭಾಗ ಹೊರಗಿನಿಂದ ಒಂದೇ ಪಟ್ಟಿಯಂತೆ ಕಂಡರೂ ಒಳಗೆ ಹಲವು ತಗಡುಗಳನ್ನು ಬೆಸೆದ ಟೊಳ್ಳು ಪೆಟ್ಟಿಗೆ. ಮಳೆನೀರು, ಕೆಸರು ಒಳಗೆ ಸೇರಿ, ಹೊರಗೆ ಕಾಣದಂತೆ ವರ್ಷಗಟ್ಟಲೆ ತಿನ್ನುತ್ತಾ ಹೋಗುತ್ತದೆ. ಹೊರಗಿನ ಬಣ್ಣ ಉಬ್ಬಿ ಗುಳ್ಳೆ ಎದ್ದಾಗ ಒಳಗೆ ಉಳಿದಿರುವುದು ಕಡಿಮೆ.

ಸ್ಪಿಟ್‌ಫೈರ್ ಮತ್ತು ಹೆರಾಲ್ಡ್ ದಾಯಾದಿಗಳಾದರೂ ಈ ವಿಷಯದಲ್ಲಿ ಬೇರೆ ಬೇರೆ. ಹೆರಾಲ್ಡಿನ ಚಾಸಿಗೆ ನಡುವಿನ ಎರಡು ದಪ್ಪ ತೊಲೆಗಳಲ್ಲದೆ ಎಡಬಲ ಚಾಚಿದ ತೋಳುಗಳೂ, ಅವುಗಳ ತುದಿ ಸೇರಿಸುವ ಪಕ್ಕದ ಪಟ್ಟಿಗಳೂ ಇವೆ. ನಡುವಿನ ತೊಲೆ ಸಾಮಾನ್ಯವಾಗಿ ಉಳಿದಿರುತ್ತದೆ, ಕೊಳೆಯುವುದು ತೋಳು ಮತ್ತು ಪಟ್ಟಿ. ಸ್ಪಿಟ್‌ಫೈರ್‌ನಲ್ಲಿ ಆ ಪಕ್ಕದ ಪಟ್ಟಿಗಳೇ ಇಲ್ಲ, ಆ ಕೆಲಸ ಹೊಸ್ತಿಲಿನದೇ. ಹಾಗಾಗಿ ಹೆರಾಲ್ಡಿನಲ್ಲಿ ಹೊಸ್ತಿಲ ತಗಡು ಅಲಂಕಾರದಷ್ಟೇ, ಸ್ಪಿಟ್‌ಫೈರ್‌ನಲ್ಲಿ ಅದೇ ಪ್ರಾಣ.

ಪರೀಕ್ಷೆಗೆ ದೊಡ್ಡ ಸಲಕರಣೆ ಬೇಡ. ಒಂದು ಅಯಸ್ಕಾಂತ, ಒಂದು ಹಳೆಯ ಸ್ಕ್ರೂಡ್ರೈವರ್ ಸಾಕು. ಅಯಸ್ಕಾಂತ ಅಂಟದ ಕಡೆ ಪುಟ್ಟಿ ತುಂಬಿದ್ದಾರೆ. ಸ್ಕ್ರೂಡ್ರೈವರಿನಿಂದ ತಟ್ಟಿದರೆ ಗಟ್ಟಿ ತಗಡು ಟಣ್ ಎನ್ನುತ್ತದೆ, ಕೊಳೆತದ್ದು ಪೊಟರೆಯಂತೆ ಬೊದ್ದು ಸದ್ದು ಮಾಡುತ್ತದೆ. ಆಮೇಲೆ ಬಾಗಿಲ ಸುತ್ತಲಿನ ಸಂದು ನೋಡಬೇಕು. ಮೇಲೆ ಕಿರಿದು ಕೆಳಗೆ ಅಗಲವಾಗಿದ್ದರೆ ಕಾರು ನಡುವಿನಲ್ಲಿ ಬಾಗಿದೆ ಎಂದರ್ಥ. ಜಾಕ್ ಹಾಕಿ ಎತ್ತಿದಾಗ ಬಾಗಿಲು ಸಿಕ್ಕಿಕೊಂಡರೆ ಇನ್ನು ಅನುಮಾನ ಬೇಡ.

ಇಲ್ಲಿ ಆಗುವ ದೊಡ್ಡ ತಪ್ಪು ಎರಡೂ ಹೊಸ್ತಿಲನ್ನು ಒಟ್ಟಿಗೆ ಕತ್ತರಿಸುವುದು. ಕತ್ತರಿಸಿದ ಗಳಿಗೆಯಲ್ಲಿ ಕಾರು ಕೂದಲೆಳೆಯಷ್ಟು ಕುಸಿಯುತ್ತದೆ, ಹೊಸ ತಗಡು ಆ ಕುಸಿತವನ್ನೇ ಕಾಯಂ ಮಾಡುತ್ತದೆ. ಮೊದಲು ಬಾಗಿಲ ಕಿಂಡಿಗೆ ಅಡ್ಡಡ್ಡ ಕಬ್ಬಿಣದ ಪೈಪು ಬೆಸೆದು ಬಿಗಿಮಾಡಬೇಕು. ಕಾರನ್ನು ಗಾಲಿಗಳ ಭಾರ ಬೀಳುವ ಜಾಗದಲ್ಲೇ, ಸಮತಟ್ಟಾದ ನೆಲದಲ್ಲಿ ಸ್ಟ್ಯಾಂಡಿನ ಮೇಲೆ ನಿಲ್ಲಿಸಬೇಕು. ಒಂದು ಪಕ್ಕ ಮುಗಿದು, ಬಾಗಿಲು ಸರಾಗವಾಗಿ ಮುಚ್ಚುವುದನ್ನು ನೋಡಿದ ಮೇಲಷ್ಟೇ ಇನ್ನೊಂದು ಪಕ್ಕಕ್ಕೆ ಕೈ ಹಾಕಬೇಕು. ತಗಡು ಸಿಆರ್ (ಕೋಲ್ಡ್ ರೋಲ್ಡ್) ಶೀಟು, ಭಾರ ಹೊರುವ ಕಡೆ 18 ಗೇಜು, ಉಳಿದ ಕಡೆ 20. ಸೇಲಂನಲ್ಲಿ ಸ್ಟೇನ್‌ಲೆಸ್ ಹೇರಳವಾಗಿ ಸಿಗುತ್ತದೆಂದು ಅದನ್ನೇ ಬೆಸೆಯುವ ಆಸೆ ಕೆಲವರಿಗೆ. ಬೆಸುಗೆಯ ಪಕ್ಕದ ಮೆದು ಉಕ್ಕು ಬೇಗ ತುಕ್ಕು ಹಿಡಿಯುವುದರಿಂದ ಆ ಜಾಣತನ ಲಾಭ ತರುವುದಿಲ್ಲ.

ಮುಗಿದ ಪೆಟ್ಟಿಗೆಯೊಳಗೆ ಮೇಣ ಬೆರೆತ ಎಣ್ಣೆ ಸಿಂಪಡಿಸಿ, ಕೆಳಗಿನ ನೀರು ಹೋಗುವ ತೂತುಗಳನ್ನು ತೆರೆದಿಡಬೇಕು. ಆ ತೂತುಗಳನ್ನು ‘ಅಚ್ಚುಕಟ್ಟಾಗಿ’ ಮುಚ್ಚಿಬಿಡುವ ವೆಲ್ಡರುಗಳಿದ್ದಾರೆ. ಅವರನ್ನು ಕೆಲಸದ ಹೊತ್ತಿನಲ್ಲೇ ತಡೆಯಬೇಕು.

ಮರದ ಎಲುಬು

ಟಿಸಿ, ಟಿಡಿಗಳ ಮಾಲೀಕರಿಗೆ ತುಕ್ಕಿನ ಜೊತೆ ಗೆದ್ದಲಿನ ಕಾಟವೂ ಉಂಟು. ಈ ಕಾರುಗಳ ಚೌಕಟ್ಟು ಇಂಗ್ಲೆಂಡಿನ ಆ್ಯಶ್ ಮರದ್ದು, ಬಾಗಿದರೂ ಮುರಿಯದ ಜಾತಿ. ಬಾಗಿಲು ಜೋತುಬಿದ್ದಿದ್ದರೆ ದೋಷ ಕೀಲಿನದಲ್ಲ, ಕೀಲನ್ನು ಹಿಡಿದ ಕಂಬದ್ದು.

ಈ ಕೆಲಸಕ್ಕೆ ಪಾಪಿರೆಡ್ಡಿಪಟ್ಟಿ ಇರುವ ಜಾಗ ಒಳ್ಳೆಯದು. ದಕ್ಷಿಣಕ್ಕೆ ನಾಮಕ್ಕಲ್ ಲಾರಿ ಬಾಡಿ ಕಟ್ಟುವುದಕ್ಕೆ ಹೆಸರಾದ ಊರು, ಪಕ್ಕದ ತಿರುಚೆಂಗೋಡು ಬೋರ್‌ವೆಲ್ ಲಾರಿಗಳದ್ದು. ಮರವನ್ನೂ ತಗಡನ್ನೂ ಒಟ್ಟಿಗೆ ಬಲ್ಲ ಆಚಾರಿಗಳು ಅಲ್ಲಿನ ಪಟ್ಟರೆಗಳಲ್ಲಿ ಇನ್ನೂ ಇದ್ದಾರೆ. ಅವರಿಗೆ ನಕ್ಷೆ ಬೇಡ, ಕೊಳೆತದ್ದಾದರೂ ಹಳೆಯ ಮರದ ತುಂಡು ಬೇಕು. ಅದಕ್ಕೇ ಹಳೆಯ ಚೌಕಟ್ಟಿನ ಪುಡಿಯನ್ನೂ ಎಸೆಯದೆ ಗೋಣಿಯಲ್ಲಿ ಕಟ್ಟಿಡುವುದು ವಾಡಿಕೆ. ಆ್ಯಶ್ ಬದಲು ಹಳೆಯ ತೇಗ ನಡೆಯುತ್ತದೆ. ತೇಗದಲ್ಲಿ ಎಣ್ಣೆಯಂಶ ಇರುವುದರಿಂದ ಅಂಟು ಹಚ್ಚುವ ಮುನ್ನ ತಿನ್ನರ್‌ನಿಂದ ಒರೆಸಬೇಕು. ಮೊಳೆಯನ್ನು ನಂಬದೆ ತಿರುಪು, ಬೋಲ್ಟುಗಳನ್ನೇ ಹಾಕಬೇಕು. ಮೇಲಿನ ತಗಡಿಗೆ ಮಾತ್ರ ಲಾರಿಯ ದಪ್ಪ ತಗಡು ಸಲ್ಲದು.

ಬ್ರೇಕು, ಒಂದು ಹಿತ್ತಾಳೆ ತುಂಡು

ಎಂಜಿನ್ ಸದ್ದು ಕೇಳಬೇಕೆಂಬ ಆತುರ ಎಲ್ಲರಿಗೂ. ಓಡುವ ಮುನ್ನ ನಿಲ್ಲಲು ಕಲಿಯಬೇಕಾದದ್ದು ಕಾರಿಗೂ ಅನ್ವಯ. ವರ್ಷಗಟ್ಟಲೆ ನಿಂತ ಕಾರಿನ ಬ್ರೇಕ್ ಸಿಲಿಂಡರುಗಳು ಸಾಮಾನ್ಯವಾಗಿ ತುಕ್ಕು ಹಿಡಿದು ಕಚ್ಚಿಕೊಂಡಿರುತ್ತವೆ, ರಬ್ಬರ್ ಪೈಪು ಒಳಗೊಳಗೇ ಊದಿಕೊಂಡಿರುತ್ತದೆ. ಎಲ್ಲ ರಬ್ಬರನ್ನೂ, ಕಬ್ಬಿಣದ ಪೈಪುಗಳನ್ನೂ ಬದಲಿಸುವುದೇ ಸರಿ. ಎಂಜಿ ಕಾರುಗಳಿಗೆ ಲಾಕ್‌ಹೀಡ್ ಬ್ರೇಕು, ಟ್ರಯಂಫ್‌ಗೆ ಗರ್ಲಿಂಗ್. ಗರ್ಲಿಂಗ್ ಬ್ರೇಕಿನ ಭಾರತೀಯ ಕುಡಿಯಾದ ಬ್ರೇಕ್ಸ್ ಇಂಡಿಯಾ 1962ರಲ್ಲಿ ಮದರಾಸಿನ ಪಾಡಿಯಲ್ಲೇ ಹುಟ್ಟಿತು. ಆ ಬಗೆಯ ಸಿಲಿಂಡರ್ ಕಿಟ್ಟುಗಳು ಈ ಭಾಗದ ಅಂಗಡಿಗಳಿಗೆ ಅಪರಿಚಿತವಲ್ಲ. ಬ್ರೇಕ್ ಆಯಿಲ್ ಡಬ್ಬಿಗೆ ತಪ್ಪಿಯೂ ಎಂಜಿನ್ ಆಯಿಲ್ ಬೀಳಬಾರದು, ರಬ್ಬರೆಲ್ಲ ಊದಿ ಹಾಳಾಗುತ್ತದೆ. ಹಳೆಯ ಬ್ರೇಕ್ ಲೈನಿಂಗ್‌ನ ಧೂಳಿನಲ್ಲಿ ಕಲ್ನಾರು ಇರುತ್ತದೆ. ಅದನ್ನು ಗಾಳಿ ಪೈಪಿನಿಂದ ಊದಬಾರದು, ನೀರಿನಲ್ಲಿ ನೆನೆಸಿ ಒರೆಸಬೇಕು.

ಹೆರಾಲ್ಡ್ ಮತ್ತು ಸ್ಪಿಟ್‌ಫೈರ್‌ಗಳ ಮುಂದಿನ ಗಾಲಿಯ ಬುಡದಲ್ಲಿ ಟ್ರನಿಯನ್ ಎಂಬ ಹಿತ್ತಾಳೆಬಣ್ಣದ ತುಂಡೊಂದಿದೆ. ಗಾಲಿ ಹೊತ್ತ ಉಕ್ಕಿನ ಕಂಬ ಇದರೊಳಗೆ ತಿರುಪಿನಂತೆ ಕೂತು, ಸ್ಟಿಯರಿಂಗ್ ತಿರುಗಿಸಿದಾಗಲೆಲ್ಲ ಅದರಲ್ಲಿ ತಿರುಗುತ್ತದೆ. ಇದಕ್ಕೆ ಬೇಕಾದದ್ದು 90 ನಂಬರಿನ ಗೇರ್ ಆಯಿಲ್, ಗ್ರೀಸ್ ಅಲ್ಲ. ಆದರೆ ಅಲ್ಲಿ ನಿಪ್ಪಲ್ ಕಂಡ ಪ್ರತಿ ಸರ್ವಿಸ್ ಹುಡುಗನೂ ಗ್ರೀಸ್ ಗನ್ನನ್ನೇ ಹಿಡಿಯುತ್ತಾನೆ. ಗ್ರೀಸ್ ಒಣಗಿ ಗಟ್ಟಿಯಾಗುತ್ತದೆ, ಒಳಗೆ ನೀರು ನಿಂತು ಉಕ್ಕು ತುಕ್ಕು ಹಿಡಿಯುತ್ತದೆ, ಒಂದು ದಿನ ತಿರುವಿನಲ್ಲಿ ಕಂಬ ಮುರಿದು ಗಾಲಿ ಮಡಚಿಕೊಳ್ಳುತ್ತದೆ. ಹಳೆಯ ಹೆರಾಲ್ಡ್ ಕೊಂಡವರು ಎರಡೂ ಪಕ್ಕದ ಕಂಬಗಳನ್ನು ಬಿಚ್ಚಿ ನೋಡದೆ ಮುಖ್ಯ ರಸ್ತೆಗೆ ಇಳಿಯಬಾರದು. ಬಿಚ್ಚಿದ ಹಿತ್ತಾಳೆಯನ್ನು ಹುಣಸೆಹುಳಿಯಲ್ಲಿ ಉಜ್ಜಿದಾಗ ಬಿರುಕಿದ್ದರೆ ಕಣ್ಣಿಗೆ ಕಾಣುತ್ತದೆ. ಧರ್ಮಪುರಿಯಲ್ಲಿ ಹುಣಸೆಗೇನೂ ಬರವಿಲ್ಲ. ಬಂಪರಿನ ಕ್ರೋಮ್ ಲೇಪಕ್ಕೆ ಮಾತ್ರ ಈ ಹುಳಿ ಸೋಕಿಸಬಾರದು.

ತಂತಿ ಗಾಲಿ ಇರುವ ಕಾರುಗಳಲ್ಲಿ ನಡುವಿನ ದೊಡ್ಡ ನಟ್ಟಿನ ತಿರುಪು ಎಡಕ್ಕೊಂದು ಬಗೆ, ಬಲಕ್ಕೊಂದು ಬಗೆ. ಜೋಡಿಸುವಾಗ ಹಬ್ಬುಗಳು ಅದಲುಬದಲಾದರೆ ಕಾರು ಓಡಿದಷ್ಟೂ ನಟ್ಟು ಸಡಿಲವಾಗುತ್ತದೆ.

ನಿಂತ ಎಂಜಿನ್

ಹೊಸ ಬ್ಯಾಟರಿ ತಂದು ಕೀಲಿ ತಿರುಗಿಸುವುದು ನಿಂತ ಎಂಜಿನ್ನನ್ನು ಕೊಲ್ಲುವ ಸುಲಭ ಉಪಾಯ. ಪ್ಲಗ್ಗುಗಳನ್ನು ಬಿಚ್ಚಿ, ಪ್ರತಿ ಸಿಲಿಂಡರಿಗೂ ತುಕ್ಕು ಬಿಡಿಸುವ ಎಣ್ಣೆ ಹನಿಸಿ ಕೆಲವು ದಿನ ಬಿಡಬೇಕು. ಹಳೆಯ ಎಣ್ಣೆ ಇಳಿಸಿ ಹೊಸದು ತುಂಬಿ, ಆಮೇಲೆ ಕೈಯಿಂದಲೇ ಮೆಲ್ಲಗೆ ತಿರುಗಿಸಿ ನೋಡಬೇಕು. ತಿರುಗದಿದ್ದರೆ ಕಾಯಬೇಕು. ಹಲ್ಲು ಕಚ್ಚಿ ಎಳೆದರೆ ಪಿಸ್ಟನ್ ರಿಂಗ್ ಮುರಿಯುತ್ತದೆ.

ಈ ಎಂಜಿನ್‌ಗಳು ಸೀಸ ಬೆರೆತ ಪೆಟ್ರೋಲಿನ ಕಾಲದವು. ಆ ಸೀಸ ವಾಲ್ವ್ ಕೂರುವ ಜಾಗಕ್ಕೆ ಮೆತ್ತೆಯಂತಿತ್ತು. ಭಾರತದಲ್ಲಿ 2000ದ ಇಸವಿಯಿಂದ ಸೀಸರಹಿತ ಪೆಟ್ರೋಲ್ ಮಾತ್ರ. ಮೆತ್ತೆ ಇಲ್ಲದ ಎರಕದ ಹೆಡ್ಡಿನಲ್ಲಿ ವಾಲ್ವ್ ಬಡಿದು ಬಡಿದು ಒಳಗಿಳಿಯುತ್ತದೆ. ಹೆಡ್ ಬಿಚ್ಚಿದ ಹೊತ್ತಿನಲ್ಲೇ ಲೇತ್ ಪಟ್ಟರೆಗೆ ಒಯ್ದು ಗಟ್ಟಿ ಉಕ್ಕಿನ ಸೀಟುಗಳನ್ನು ಕೂರಿಸಿದರೆ ಆ ಚಿಂತೆ ಕಳೆಯಿತು. ಸೇಲಂನಲ್ಲಿ ಬೋರಿಂಗ್, ಕ್ರ್ಯಾಂಕ್ ಗ್ರೈಂಡಿಂಗ್ ಮಾಡುವವರಿಗೆ ಇದು ದಿನದ ಕೆಲಸ.

ಈಗಿನ ಹೊಸ ತಕರಾರು ಎಥನಾಲ್. ಬಂಕಿನ ಪೆಟ್ರೋಲಿನಲ್ಲಿ ಈಗ ನೂರಕ್ಕೆ 20ರವರೆಗೆ ಎಥನಾಲ್ ಇರುತ್ತದೆ. ಅದು ಹಳೆಯ ರಬ್ಬರ್ ಪೈಪು, ಪಂಪಿನ ಡಯಾಫ್ರಮ್, ಕಾರ್ಕ್ ಗ್ಯಾಸ್ಕೆಟ್‌ಗಳನ್ನು ಮೆತ್ತಗಾಗಿಸುತ್ತದೆ, ಗಾಳಿಯ ತೇವ ಹೀರುತ್ತದೆ, ನಿಂತ ಟ್ಯಾಂಕಿನ ತಳದಲ್ಲಿ ನೀರಾಗಿ ಬೇರ್ಪಡುತ್ತದೆ. ಎಥನಾಲ್ ತಡೆಯುವ ಪೈಪುಗಳನ್ನು ಹಾಕಿಸಬೇಕು, ತಿಂಗಳುಗಟ್ಟಲೆ ಕಾರು ನಿಲ್ಲಿಸುವಾಗ ಟ್ಯಾಂಕು ಖಾಲಿ ಮಾಡಬೇಕು. ಇದೇ ಪೆಟ್ರೋಲಿನಿಂದ ಮಿಶ್ರಣ ತೆಳುವಾಗಿ ಎಂಜಿನ್ ಬಿಸಿಯಾಗುತ್ತದೆ. ಹಾಗಾಗಿ ಕಾರ್ಬುರೇಟರಿನಲ್ಲಿ ಪೆಟ್ರೋಲಿನ ಪಾಲನ್ನು ತುಸು ಏರಿಸಬೇಕಾಗುತ್ತದೆ.

ಎಂಜಿ ಕಾರುಗಳಲ್ಲಿರುವ ಎಸ್‌ಯು ಕಾರ್ಬುರೇಟರಿಗೆ ನೆತ್ತಿಯ ಮೇಲೊಂದು ಗಿಂಡಿಯಂಥ ಭಾಗವಿದೆ. ಅದರೊಳಗಿನ ಪಿಸ್ಟನ್ ಎಂಜಿನ್ನಿನ ಎಳೆತಕ್ಕೆ ತಾನಾಗಿ ಮೇಲೇರಿ, ತನ್ನ ತುದಿಯ ಮೊನಚು ಸೂಜಿಯನ್ನೂ ಎತ್ತಿ, ಬೇಕಾದಷ್ಟು ಪೆಟ್ರೋಲ್ ಬಿಡುತ್ತದೆ. ಗಿಂಡಿಗೆ ತೆಳು ಎಣ್ಣೆ ಹನಿಸುತ್ತಿರಬೇಕು. ಎಣ್ಣೆ ಒಣಗಿದರೆ ಆ್ಯಕ್ಸಲರೇಟರ್ ಒತ್ತಿದಾಗ ಎಂಜಿನ್ ಮುಗ್ಗರಿಸುತ್ತದೆ. ಅದನ್ನೇ ಕಾರ್ಬುರೇಟರ್ ಕೆಟ್ಟಿದೆ ಎಂದು ತಿಳಿದು ಬದಲಿಸಿದವರು ಕಡಿಮೆಯಲ್ಲ.

ಈ ಎಂಜಿನ್‌ಗಳಲ್ಲಿ ಕಾರ್ಬುರೇಟರೂ ಹೊಗೆ ಪೈಪೂ ಒಂದೇ ಪಕ್ಕದಲ್ಲಿವೆ. ಲಂಡನ್ನಿನ ಚಳಿಗೆ ಅದು ಒಳ್ಳೆಯದೇ. ಧರ್ಮಪುರಿಯ ಏಪ್ರಿಲ್ ಬಿಸಿಲಿಗೆ ಪೆಟ್ರೋಲ್ ಪೈಪಿನಲ್ಲೇ ಆವಿಯಾಗಿ ಕಾರು ನಡುದಾರಿಯಲ್ಲಿ ನಿಲ್ಲುತ್ತದೆ. ನಡುವೆ ಶಾಖ ತಡೆಯುವ ತಗಡೊಂದನ್ನು ಕೂರಿಸಿ, ರೇಡಿಯೇಟರಿನ ಕೋರ್ ಹೊಸದು ಮಾಡಿಸಿದರೆ ಬಹುಪಾಲು ಪರಿಹಾರ ಸಿಕ್ಕಂತೆ. ರೇಡಿಯೇಟರಿಗೆ ಬೋರ್‌ವೆಲ್ ನೀರು ಸುರಿಯಬಾರದು. ಈ ಜಿಲ್ಲೆಯ ಗಡಸು ನೀರು ಪಾತ್ರೆಯ ತಳದಲ್ಲಿ ಕಟ್ಟುವ ಬಿಳಿ ಪೊರೆಯೇ ಎಂಜಿನ್ನಿನ ಒಳಗೂ ಕಟ್ಟುತ್ತದೆ.

ಪಾನಾ ಕೂತರೂ ತಿರುಪು ಕೂರದು

ಬ್ರಿಟಿಷ್ ಕಾರಿಗೆ ನಮ್ಮ ಮಾಮೂಲಿ ಮಿಲಿಮೀಟರ್ ಪಾನಾಗಳು ಹೊಂದುವುದಿಲ್ಲ. 1950ರ ದಶಕಕ್ಕೆ ಮುಂಚಿನವಕ್ಕೆ ವ್ಹಿಟ್‌ವರ್ತ್ ಅಳತೆ, ಆಮೇಲಿನವಕ್ಕೆ ಯುಎನ್‌ಎಫ್ ಎಂಬ ಇಂಚಿನ ಅಳತೆ. ಹೆರಾಲ್ಡ್ ಎರಡನೆಯ ಗುಂಪಿನದು. ಎಲ್ಲಕ್ಕಿಂತ ವಿಚಿತ್ರ ಎಂಜಿ ಟಿಸಿ, ಟಿಡಿಗಳ 1250 ಸಿಸಿ ಎಂಜಿನ್. ಅದರ ಬೋಲ್ಟಿನ ತಲೆ ವ್ಹಿಟ್‌ವರ್ತ್, ತಿರುಪು ಮಾತ್ರ ಮೆಟ್ರಿಕ್! ಮಾರಿಸ್ ಕಂಪನಿ 1923ರಲ್ಲಿ ಕೊಂಡ ಎಂಜಿನ್ ಕಾರ್ಖಾನೆ ಮೂಲದಲ್ಲಿ ಫ್ರಾನ್ಸಿನ ಹಾಚ್‌ಕಿಸ್ ಕಂಪನಿಯದು. ಅಲ್ಲಿನ ಯಂತ್ರಗಳು ಫ್ರೆಂಚ್ ಅಳತೆಯಲ್ಲೇ ತಿರುಪು ಕೊರೆಯುತ್ತಿದ್ದವು. ಇಂಗ್ಲಿಷ್ ಮೆಕ್ಯಾನಿಕ್‌ಗಳ ಪಾನಾ ಕೂರಲೆಂದು ತಲೆಯನ್ನಷ್ಟೇ ಬದಲಿಸಿದರು. ಇಂಥ ಎಂಜಿನ್ನಿಗೆ ಕೈಗೆ ಸಿಕ್ಕ ಬೋಲ್ಟನ್ನು ಬಲವಂತವಾಗಿ ತಿರುಗಿಸಿದರೆ ಬ್ಲಾಕಿನ ತಿರುಪೇ ಹರಿದುಹೋಗುತ್ತದೆ. ಬಿಚ್ಚಿದ ಪ್ರತಿ ಬೋಲ್ಟನ್ನೂ ಅದು ಬಂದ ಜಾಗದ ಚೀಟಿಯೊಂದಿಗೆ ಬೇರೆ ಬೇರೆ ಡಬ್ಬಿಯಲ್ಲಿಡಬೇಕು. ಫೋಟೊ ತೆಗೆಯಲು ಈಗ ಫೋನ್ ಇದ್ದೇ ಇದೆ.

ವೈರು

ಲೂಕಾಸ್ ಕಂಪನಿಯ ವಿದ್ಯುತ್ ಸಲಕರಣೆಗಳ ಬಗ್ಗೆ ಇಂಗ್ಲೆಂಡಿನವರೇ ಜೋಕು ಕಟ್ಟಿದ್ದಾರೆ. ಆ ಕಂಪನಿಯ ಸ್ಥಾಪಕರನ್ನು ಅವರು ‘ಕತ್ತಲೆಯ ರಾಜಕುಮಾರ’ ಎನ್ನುತ್ತಾರೆ. ನಿಜ ಹೇಳಬೇಕೆಂದರೆ ತಪ್ಪು ಬಹುಪಾಲು ಸಲಕರಣೆಯದಲ್ಲ. ತುಕ್ಕು ಹಿಡಿದ ಅರ್ತ್ ಜೋಡಣೆಯದು, ನಡುವೆ ಟೇಪು ಸುತ್ತಿ ಸೇರಿಸಿದ ಬಣ್ಣಬಣ್ಣದ ವೈರುಗಳದು. ಲೂಕಾಸ್ 1961ರಲ್ಲೇ ಟಿವಿಎಸ್ ಜೊತೆ ಸೇರಿ ಪಾಡಿಯಲ್ಲಿ ಕಾರ್ಖಾನೆ ತೆರೆದಿದ್ದರಿಂದ ಹಳೆಯ ಆಟೊ ಎಲೆಕ್ಟ್ರಿಷಿಯನ್‌ಗಳಿಗೆ ಈ ಡೈನಮೊ, ಸ್ಟಾರ್ಟರ್‌ಗಳ ಒಳಗುಟ್ಟು ಗೊತ್ತು. ಒಂದೇ ಎಚ್ಚರಿಕೆ: 1960ರ ದಶಕದ ನಡುಗಾಲದವರೆಗಿನ ಬಹುಪಾಲು ಬ್ರಿಟಿಷ್ ಕಾರುಗಳಲ್ಲಿ ಬ್ಯಾಟರಿಯ ಪಾಸಿಟಿವ್ ತುದಿ ಬಾಡಿಗೆ ಸೇರಿರುತ್ತದೆ. ಇದನ್ನು ನೋಡದೆ ಫೋನ್ ಚಾರ್ಜರನ್ನೋ ಆಲ್ಟರ್ನೇಟರನ್ನೋ ಕೂರಿಸಿದರೆ ಸುಟ್ಟುಹೋಗುತ್ತದೆ.

ಬಣ್ಣ, ಹುಡ್ಡು

ಬಾಗಿಲು, ಬಾನೆಟ್, ಡಿಕ್ಕಿ ಎಲ್ಲವನ್ನೂ ಒಮ್ಮೆ ಪೂರ್ತಿ ಜೋಡಿಸಿ, ಸಂದುಗಳನ್ನು ಸರಿಮಾಡಿ, ಮತ್ತೆ ಬಿಚ್ಚಿದ ಮೇಲೆ ಬಣ್ಣ. ಹಳೆಯ ಬಣ್ಣದಲ್ಲಿ ಸೀಸವಿರಬಹುದಾದ್ದರಿಂದ ಒಣದಾಗಿ ಉಜ್ಜದೆ ನೀರು ಹಾಕಿ ಉಜ್ಜಬೇಕು, ಮುಖಕ್ಕೆ ಮಾಸ್ಕ್ ಇರಬೇಕು. ಪುಟ್ಟಿ ತೆಳುವಾಗಿರಬೇಕು. ದಪ್ಪ ಪುಟ್ಟಿ ಬಳಿದ ಕಾರು ಎರಡು ಬೇಸಿಗೆಯಲ್ಲಿ ಬಿರುಕು ಬಿಡುತ್ತದೆ.

ಹುಡ್ಡು ಹೊಲಿಯಲು ಆಟೊರಿಕ್ಷಾ ಮೇಲ್ಹೊದಿಕೆ ಹೊಲಿಯುವ ಕೈಗಳೇ ಸಾಕು, ಅಳತೆಯ ಹೊಣೆ ಮಾಲೀಕರದು. ಮುಂಗಾಜು, ಬಾಗಿಲ ಗಾಜುಗಳು ತಮ್ಮ ಜಾಗದಲ್ಲಿ ಕೂತ ಮೇಲೆ, ಕಮಾನುಗಳನ್ನು ಪೂರ್ತಿ ಬಿಚ್ಚಿ ನಿಲ್ಲಿಸಿ ಅಳತೆ ತೆಗೆಯಬೇಕು. ರೆಕ್ಸಿನ್ ಬಿಸಿಲಿಗೆ ಹಿಗ್ಗುತ್ತದೆ. ನಡುಹಗಲಿನಲ್ಲಿ ಎಳೆದು ಬಿಗಿದರೆ ಸುಕ್ಕಿಲ್ಲದೆ ಕೂರುತ್ತದೆ, ಬೆಳಗಿನ ತಂಪಿನಲ್ಲಿ ಬಿಗಿದದ್ದು ಮಧ್ಯಾಹ್ನಕ್ಕೆ ಜೋಲುತ್ತದೆ. ನೆನೆದ ಹುಡ್ಡನ್ನು ಮಡಚಿಟ್ಟರೆ ಬೂಷ್ಟು ಹಿಡಿಯುತ್ತದೆ.

ಮೊದಲ ಓಟ

ಟಯರುಗಳ ಮೇಲೆ ತಯಾರಾದ ವಾರ ಮತ್ತು ವರ್ಷವನ್ನು ಹೇಳುವ ನಾಲ್ಕು ಅಂಕಿ ಇರುತ್ತವೆ. ಹತ್ತು ವರ್ಷ ಹಿಂದಿನದಾದರೆ ಗುಂಡಿ ಎಷ್ಟೇ ಆಳವಿದ್ದರೂ ಬದಲಿಸಬೇಕು. ಮೊದಲ ದಿನಗಳ ಓಟ ಊರಿನ ಸುತ್ತಲೇ ಇರಲಿ. ಬೊಮ್ಮಿಡಿಯವರೆಗೆ ಹೋಗಿ ಬಂದು, ಕಾರು ನಿಂತ ಜಾಗದಲ್ಲಿ ನೆಲಕ್ಕೆ ಬಿದ್ದ ಎಣ್ಣೆ ಹನಿಗಳನ್ನು ನೋಡಬೇಕು. ಯಾವ ಹನಿ ಎಲ್ಲಿಂದ ಬಂತೆಂದು ತಿಳಿಯಲು ರಾತ್ರಿ ಕಾರಿನಡಿ ಹಾಸಿದ ಹಳೆಯ ರಟ್ಟು ಒಳ್ಳೆಯ ಸಾಕ್ಷಿ.

ತೊಪ್ಪೂರು ಘಾಟಿಗೆ ಅವಸರ ಬೇಡ. ಧರ್ಮಪುರಿಯಿಂದ ಸೇಲಂ ಕಡೆಗೆ ಇಳಿಯುವ ಆ ಇಳಿಜಾರು ಲಾರಿಗಳ ಬ್ರೇಕನ್ನೇ ಪರೀಕ್ಷಿಸುವಂಥದ್ದು. ಹೆರಾಲ್ಡಿನ ಹಿಂದಿನ ಗಾಲಿಗಳು ನೇತಾಡುವ ಆ್ಯಕ್ಸಲ್‌ಗಳ ತುದಿಯಲ್ಲಿವೆ. ವೇಗವಾಗಿ ತಿರುವು ಹೊಕ್ಕು ನಡುವೆ ತಟ್ಟನೆ ಆ್ಯಕ್ಸಲರೇಟರ್ ಬಿಟ್ಟರೆ ಹೊರಗಿನ ಗಾಲಿ ಒಳಕ್ಕೆ ಮಡಚಿ, ಹಿಂಭಾಗ ಜಾರುತ್ತದೆ. ತಿರುವಿನ ಮುಂಚೆಯೇ ವೇಗ ಇಳಿಸಿ, ಕೆಳ ಗೇರಿನಲ್ಲಿ ಎಂಜಿನ್ನಿನ ಹಿಡಿತದಲ್ಲೇ ಇಳಿಯಬೇಕು.

ಹೊಸದಾಗಿ ಬಿಗಿದ ಹೆಡ್ಡಿನ ನಟ್ಟುಗಳು ಕೆಲವು ನೂರು ಕಿಲೋಮೀಟರಿನಲ್ಲಿ ಸ್ವಲ್ಪ ಸಡಿಲವಾಗುತ್ತವೆ. ಸುಮಾರು 500 ಕಿಲೋಮೀಟರ್ ಓಡಿದ ಮೇಲೆ ಎಂಜಿನ್ ತಣ್ಣಗಿರುವಾಗ ಕೈಪಿಡಿಯಲ್ಲಿ ಹೇಳಿದಷ್ಟು ಬಲಕ್ಕೆ, ಹೇಳಿದ ಕ್ರಮದಲ್ಲೇ ಅವನ್ನು ಮತ್ತೆ ಬಿಗಿದು, ವಾಲ್ವ್ ಸಂದು ಸರಿಮಾಡಿ, ಎಂಜಿನ್ ಆಯಿಲ್ ಬದಲಿಸಬೇಕು. ಬಾಡಿಯನ್ನು ಚಾಸಿಗೆ ಹಿಡಿದಿರುವ ಬೋಲ್ಟುಗಳಿಗೂ ಒಂದು ಸುತ್ತು ಪಾನಾ ಹಾಕಬೇಕು. ಹೆರಾಲ್ಡಾದರೆ ಅದೇ ದಿನ ಟ್ರನಿಯನ್‌ಗೂ ಗೇರ್ ಆಯಿಲ್ ತುಂಬಬೇಕು, ಸರ್ವಿಸ್ ಹುಡುಗ ಗ್ರೀಸ್ ಗನ್ ಹಿಡಿದು ಬರುವ ಮೊದಲು.